ಚಿನ್ನದ ಪುಡಿ ತೂಗಿದ ಹಿತ್ತಾಳೆ ಬಟ್ಟುಗಳು

ಇಂದಿನ ಘಾನಾ ಮತ್ತು ಐವರಿ ಕೋಸ್ಟ್ ದೇಶಗಳ ಅಕಾನ್ ಜನರಿಗೆ ಸುಮಾರು 1400ರಿಂದ 1900ರವರೆಗೆ ಚಿನ್ನದ ಪುಡಿಯೇ ಹಣ. ಸಂತೆಯ ಸಾಮಾನು, ದಂಡ, ತೆರಿಗೆ ಎಲ್ಲಕ್ಕೂ ಅದೇ ಸಲ್ಲುತ್ತಿತ್ತು. ಆ ಪುಡಿಯನ್ನು ತೂಗಲು ಬಳಸಿದ ಪುಟ್ಟ ಹಿತ್ತಾಳೆ ಬಟ್ಟುಗಳಿಗೆ ಅಬ್ರಮ್ಮುವೊ ಎಂದು ಹೆಸರು. ವ್ಯಾಪಾರಿಯ ಗಂಟಿನಲ್ಲಿ ಇವುಗಳ ಜೊತೆ ಕಿರುತಕ್ಕಡಿ, ಪುಡಿ ತೆಗೆಯುವ ಚಮಚ, ಹಿತ್ತಾಳೆ ಡಬ್ಬಿಗಳೂ ಇರುತ್ತಿದ್ದವು. ಕೊಡುವವನೂ ಕೊಳ್ಳುವವನೂ ತಂತಮ್ಮ ಬಟ್ಟುಗಳಿಂದ ತೂಗಿ ನೋಡುತ್ತಿದ್ದುದರಿಂದ ಚೌಕಾಸಿ ಬೇಗ ಮುಗಿಯುತ್ತಿರಲಿಲ್ಲ.

ತೂಕದ ಅಳತೆ ಮೊದಲು ಬಂದದ್ದು ಸಹಾರಾ ದಾಟಿ ಬರುತ್ತಿದ್ದ ಮುಸ್ಲಿಂ ವರ್ತಕರಿಂದ. 1471ರಲ್ಲಿ ಪೋರ್ಚುಗೀಸರು ಕರಾವಳಿಗೆ ಬಂದ ಮೇಲೆ ಯುರೋಪಿನ ಔನ್ಸೂ ಸೇರಿಕೊಂಡಿತು. ತೀರ ಸಣ್ಣ ತೂಕಕ್ಕೆ ಬೀಜಗಳೇ ಸಾಕು. ಅವುಗಳಲ್ಲೊಂದು, ಕರ್ನಾಟಕದ ಅಕ್ಕಸಾಲಿಗರಿಗೂ ಚಿರಪರಿಚಿತವಾದ ಗುಲಗಂಜಿ.

ಹಳೆಯ ಬಟ್ಟುಗಳು ಹೆಚ್ಚಾಗಿ ಚೌಕ, ಮೆಟ್ಟಿಲು, ಸುರುಳಿಯಂಥ ಜ್ಯಾಮಿತಿಯ ಆಕಾರದವು. ಸುಮಾರು 1700ರ ನಂತರ ಎರಕದವರ ಕಲ್ಪನೆ ಗರಿಗೆದರಿತು: ಮೊಸಳೆ, ಮೀನು, ಗುರಾಣಿ, ಕುದುರೆ ಸವಾರ, ಪೀಠದ ಮೇಲೆ ಕುಳಿತ ಮುಖಂಡ. ಹಲವು ಗೊಂಬೆಗಳು ಗಾದೆಗಳನ್ನೇ ಹೇಳುತ್ತವೆ. ಎರಡು ಮೊಸಳೆಗಳಿಗೆ ಒಂದೇ ಹೊಟ್ಟೆ; ಆದರೂ ತಿನ್ನುವಾಗ ಜಗಳ. ಹಿಂದಕ್ಕೆ ಕತ್ತು ಹೊರಳಿಸಿದ ಸಂಕೋಫಾ ಹಕ್ಕಿ, ಮರೆತದ್ದನ್ನು ಹಿಂತಿರುಗಿ ತರುವುದು ತಪ್ಪಲ್ಲ ಎನ್ನುತ್ತದೆ. ಆದರೆ ಆಕಾರ ನೋಡಿ ತೂಕ ಹೇಳುವಂತಿಲ್ಲ: ಒಂದೇ ತೂಕದ ಬಟ್ಟು ಮೀನೂ ಆಗಿರಬಹುದು, ಹಕ್ಕಿಯೂ ಆಗಿರಬಹುದು. ಲೆಕ್ಕ ಇದ್ದದ್ದು ತಕ್ಕಡಿಯಲ್ಲಿ, ಕಲೆ ಇದ್ದದ್ದು ಎರಕದವನ ಬೆರಳಲ್ಲಿ.

ಜೇನುಮೇಣದಲ್ಲಿ ಗೊಂಬೆ ತಿದ್ದಿ, ಮೇಲೆ ನಯವಾದ ಇದ್ದಿಲು-ಮಣ್ಣಿನ ಲೇಪ ಕೊಟ್ಟು, ಒಣಗಿದ ಮೇಲೆ ಕಾಯಿಸಿ ಮೇಣ ಹೊರಹಾಕುತ್ತಿದ್ದರು. ಉಳಿದ ಟೊಳ್ಳಿಗೆ ಕರಗಿದ ಹಿತ್ತಾಳೆ ಇಳಿಯುತ್ತಿತ್ತು. ಅಚ್ಚು ಒಡೆದರೇ ಬಟ್ಟು ಕೈಗೆ. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಕೆಲವೊಮ್ಮೆ ಮೇಣವೂ ಬೇಡ: ನಿಜವಾದ ಜೀರುಂಡೆಗೋ ಕಡಲೆಕಾಯಿಗೋ ಮಣ್ಣು ಮೆತ್ತಿ ಸುಟ್ಟರೆ ಅದೇ ಅಚ್ಚು. ತೂಕ ಕಡಿಮೆ ಬಿದ್ದರೆ ಸೀಸ ತುಂಬುವುದು, ಹೆಚ್ಚಾದರೆ ಅರದಿಂದ ಉಜ್ಜುವುದು ಅಥವಾ ಒಂದು ಚೂರು ಮುರಿಯುವುದು. ಕಾಲು ಮುರಿದ ಪ್ರಾಣಿಗಳೆಲ್ಲ ಬಿದ್ದು ಮುರಿದವೇ ಅಲ್ಲ.

1889ರಲ್ಲಿ ಬ್ರಿಟಿಷರು ಗೋಲ್ಡ್ ಕೋಸ್ಟ್‌ನಲ್ಲಿ (ಇಂದಿನ ಘಾನಾ) ಚಿನ್ನದ ಪುಡಿಯ ಚಲಾವಣೆಯನ್ನು ರದ್ದುಮಾಡಿದರು. ಬಟ್ಟುಗಳ ಕೆಲಸ ಮುಗಿಯುತ್ತ ಬಂತು. ಸಾವಿರಾರು ಬಟ್ಟುಗಳು ಯುರೋಪಿನ ಸಂಗ್ರಹಾಲಯ ಸೇರಿದವು. ಘಾನಾದ ಕುಮಾಸಿ ನಗರದ ಸುತ್ತ ಇಂದಿಗೂ ಎರಕದವರು ಪ್ರವಾಸಿಗರಿಗಾಗಿ ಇವನ್ನು ಹೊಯ್ಯುತ್ತಾರೆ, ಯಾವ ತೂಕಕ್ಕೂ ಹೊಂದಬೇಕೆಂಬ ಗೋಜಿಲ್ಲದೆ.