ಸೋರುವ ಸೂರಿನಡಿಯ ಮರುಭೂಮಿ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಟೂಸಾನ್ ನಗರದ ಉತ್ತರಕ್ಕಿರುವ ಓರಕಲ್ ಎಂಬ ಪುಟ್ಟ ಊರಿನ ಬಳಿ ದೈತ್ಯ ಗಾಜಿನ ಮನೆಯೊಂದಿದೆ. ಹೆಸರು ಬಯೋಸ್ಫಿಯರ್-2. ಒಳಗೆ ಮಳೆಕಾಡಿದೆ, ಹುಲ್ಲುಗಾವಲಿದೆ, ಅಲೆಯೇಳುವ ಕಿರುಗಡಲೂ ಇದೆ. ದಕ್ಷಿಣದ ತುದಿಗೆ ಬಂದರೆ ಮರುಭೂಮಿ. ಬಿಸಿಲುನಾಡಿನ ನಡುವೆ ಇನ್ನೊಂದು ಮರುಭೂಮಿ ಕಟ್ಟುವುದೆಂದರೆ ಕಡಲ ದಂಡೆಯಲ್ಲಿ ಉಪ್ಪಿನಂಗಡಿ ತೆರೆದ ಹಾಗಲ್ಲವೇ ಎಂದು ನೋಡಬಂದವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಹೊರಗಿನದು ಒಳನಾಡಿನ ಬರಡು ನೆಲ, ಒಳಗಿನದು ಕಡಲ ಮಂಜು ಕುಡಿದು ಬದುಕುವ ತೀರದ ಮರುಭೂಮಿ.

ಹೀಗೇಕೆ ಎನ್ನುವುದಕ್ಕೆ ಕಾರಣವಿದೆ. ಎಡ್ ಬಾಸ್ ಎಂಬ ಶ್ರೀಮಂತರ ಹಣದಲ್ಲಿ 1987ರಿಂದ 1991ರವರೆಗೆ ಕಟ್ಟಿದ ಈ ಮನೆ 3.14 ಎಕರೆಯಷ್ಟಿದೆ. ಎಂಟು ಮಂದಿ ಎರಡು ವರ್ಷ ಒಳಗೇ ಇರಬೇಕೆಂಬುದು ಆಗಿನ ಯೋಜನೆ. ಗಾಳಿ, ನೀರು, ಅನ್ನ ಎಲ್ಲವೂ ಅಲ್ಲೇ ಹುಟ್ಟಿ ಅಲ್ಲೇ ತಿರುಗಬೇಕು. ಭೂಮಿಯೇ ಮೊದಲ ಜೀವಗೋಳ, ಆದ್ದರಿಂದ ಇದಕ್ಕೆ ಎರಡನೇ ನಂಬರು. ಅದರಲ್ಲಿ ಮರುಭೂಮಿಯ ಪಾಲು ಸುಮಾರು 1,400 ಚದರ ಮೀಟರು. ಪಕ್ಕದಲ್ಲೇ ಕಾಡೂ ಕಡಲೂ ಹಬೆಯಾಡುತ್ತಿರುವಾಗ, ಒಣಗಾಳಿಗೆ ಒಗ್ಗಿದ ಗಿಡಗಳು ಕೊಳೆತುಹೋದಾವು. ಮರುಭೂಮಿ ತಜ್ಞ ಟೋನಿ ಬರ್ಜೆಸ್ ಮತ್ತು ಜೊತೆಗಾರರ ಕಣ್ಣು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಕಡೆ ಹೊರಳಿತು. ಅಲ್ಲಿ ಮಳೆ ಅಪರೂಪ, ಪೆಸಿಫಿಕ್ ಕಡೆಯಿಂದ ಬರುವ ಮಂಜು ಧಾರಾಳ.

ಇನ್ನೊಂದು ಲೆಕ್ಕವೂ ಇತ್ತು. ಆ ತೀರದ ಗಿಡಗಳು ಚಿಗುರುವುದು ಚಳಿಗಾಲದಲ್ಲಿ, ಹುಲ್ಲುಗಾವಲು ಬೆಳೆಯುವುದು ಬೇಸಿಗೆಯಲ್ಲಿ. ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದು ಇಂಗಾಲದ ಡೈಆಕ್ಸೈಡ್ ಹೀರುತ್ತಿರಲಿ ಎಂದು ಪಾಳಿ ಹಾಕಿದ್ದರು.

ಬಾಹಾ ಕಡೆಯ ಗಿಡಗಳಲ್ಲಿ ಬೂಜಮ್ ಎಂಬುದೊಂದಿದೆ. ತಲೆಕೆಳಗಾಗಿ ನೆಟ್ಟ ಮೂಲಂಗಿಯಂತೆ ನೇರ ಮೇಲಕ್ಕೆ ಹೋಗಿ ಸಣ್ಣಗಾಗುವ ಮರ. ಬೇಸಿಗೆಯಲ್ಲಿ ಎಲೆಯುದುರಿಸಿ ಮೈಬೋಳಾಗಿ ನಿಲ್ಲುತ್ತದೆ. ಟೂಸಾನ್‌ನ ಮರುಭೂಮಿ ಪ್ರಯೋಗಾಲಯದ ಗಾಡ್‌ಫ್ರೀ ಸೈಕ್ಸ್ 1922ರಲ್ಲಿ ಇದನ್ನು ಕಂಡಾಗ ಲೂಯಿಸ್ ಕ್ಯಾರಲ್‌ನ ಕವಿತೆಯೊಂದರ ವಿಚಿತ್ರ ಜೀವಿಯ ಹೆಸರನ್ನೇ ಇಟ್ಟುಬಿಟ್ಟರು. ನೋಡಿದವರು ಬೇರೆ ಹೆಸರು ಹುಡುಕಲಾರರು.

1991ರ ಸೆಪ್ಟೆಂಬರ್ 26ರಂದು ಆ ಎಂಟು ಮಂದಿ ಗಾಜಿನ ಮನೆಯ ಒಳಹೊಕ್ಕರು, ಬಾಗಿಲು ಮುಚ್ಚಿತು. ತೊಂದರೆ ಬಂದದ್ದು ತಲೆಯ ಮೇಲಿನಿಂದ. ಗಾಜಿಗೂ ಉಕ್ಕಿನ ಚೌಕಟ್ಟಿಗೂ ತಾಗಿದ ಹಬೆ ಹನಿಗಟ್ಟಿ ತೊಟ್ಟಿಕ್ಕತೊಡಗಿತು. ಮಳೆಗಾಲದಲ್ಲಿ ಸೋರುವ ಹೆಂಚಿನಡಿ ಪಾತ್ರೆಯಿಟ್ಟು ಬದುಕಿದವರಿಗೆ ಈ ಪಾಡು ಗೊತ್ತು. ಮರುಭೂಮಿಗೆ ಪಾತ್ರೆ ಇಡುವುದೆಲ್ಲಿ? ತೇವ ಕಂಡ ಹುಲ್ಲೂ ಪೊದೆಯೂ ಹಬ್ಬಿದವು. ಜಿಪುಣ ಗಿಡಗಳ ಗುಣ ಬರದಲ್ಲಷ್ಟೇ ಗೆಲ್ಲುತ್ತದೆ, ಧಾರಾಳದಲ್ಲಿ ದುಂದುಗಾರರೇ ಮುಂದು. ನೋಡನೋಡುತ್ತ ಮರುಭೂಮಿಯ ಸ್ವರೂಪ ಕ್ಯಾಲಿಫೋರ್ನಿಯಾದ ಕುರುಚಲು ಕಾಡಿನ ಕಡೆಗೆ ಜಾರಿತು.

ಒಳಗಿದ್ದವರೂ ಆಗಾಗ ಬೇಕೆಂದೇ ಅದಕ್ಕೆ ನೀರುಣಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮರುಭೂಮಿಗೆ ನೀರು ಬಿಟ್ಟು ಎಬ್ಬಿಸುವುದು, ಸಾಕೆನಿಸಿದಾಗ ನೀರು ನಿಲ್ಲಿಸಿ ಮಲಗಿಸುವುದು. ಆಮ್ಲಜನಕ ಮಾತ್ರ ಶೇ 20.9ರಿಂದ 14ರ ಆಸುಪಾಸಿಗೆ ಕುಸಿದು, 1993ರಲ್ಲಿ ಹೊರಗಿನಿಂದ ತುಂಬಬೇಕಾಯಿತು. ಗೊಬ್ಬರ ಹೆಚ್ಚಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟು ಸದ್ದಿಲ್ಲದೆ ಹೀರಿಕೊಂಡಿತ್ತು.

ಈಗ ಈ ಮನೆ ಅರಿಜೋನಾ ವಿಶ್ವವಿದ್ಯಾಲಯದ್ದು, ಟಿಕೆಟ್ ಕೊಂಡವರು ಒಳಗೆ ನಡೆದಾಡಬಹುದು. ಆದರೆ ಬರುವವರೆಲ್ಲ ಹಗಲಿನಲ್ಲಿ ಬರುತ್ತಾರೆ. ಕಳ್ಳಿ ಜಾತಿಯ ಗಿಡಗಳಿಗೆ ಅದು ಅಂಗಡಿ ಮುಚ್ಚುವ ಹೊತ್ತು. ಮಾಮೂಲಿ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಬಿಸಿಲಲ್ಲೇ ತೆರೆದಿಟ್ಟು, ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು 400–500 ಗ್ರಾಂ ನೀರು ಕಳೆಯುತ್ತವೆ. ಕಳ್ಳಿ, ಕತ್ತಾಳೆಗಳು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಸಿಕ್ಕ ಸರಕನ್ನು ಮ್ಯಾಲಿಕ್ ಆಮ್ಲವಾಗಿ ದಾಸ್ತಾನು ಮಾಡಿ, ಹಗಲು ಕದ ಮುಚ್ಚಿಕೊಂಡು ಅಡುಗೆ ನಡೆಸುತ್ತವೆ. ಖರ್ಚು 50–100 ಗ್ರಾಂ. ಅನಾನಸ್ಸಿನದೂ ಡ್ರ್ಯಾಗನ್ ಹಣ್ಣಿನ ಗಿಡದ್ದೂ ಇದೇ ದಾರಿ.

ಈ ಗುಟ್ಟಿನ ಸುಳಿವನ್ನು ನಾಲಿಗೆಯಿಂದ ಹಿಡಿದವರಲ್ಲೊಬ್ಬ ನಮ್ಮ ಲಾಲ್‌ಬಾಗಿನವನು. ಟಿಪ್ಪುವಿನ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಆ ತೋಟವನ್ನು ಕೆಲಕಾಲ ನೋಡಿಕೊಂಡ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಅಗಿದು ಕಂಡದ್ದನ್ನು ಲಂಡನ್ನಿಗೆ ಪತ್ರದಲ್ಲಿ ಬರೆದ. ಅದು 1815ರಲ್ಲಿ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಬೆಳಿಗ್ಗೆ ಎಲೆ ಹುಳಿಸೊಪ್ಪಿನಷ್ಟು ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಯಾಗುತ್ತ ತುಸು ಕಹಿ. ಮೂತ್ರಕಲ್ಲಿಗೆ ಮದ್ದೆಂದು ಎಷ್ಟೋ ಮನೆಗಳ ಹಿತ್ತಲಲ್ಲಿ ಕುಂಡದಲ್ಲಿಟ್ಟು ಬೆಳೆಸುವುದು ಈ ಗಿಡವನ್ನೇ.