ಮಯೋರ್ಕಾದ ಚಳಿಗಾಲ: ಒಬ್ಬ ಲೇಖಕಿ, ಒಬ್ಬ ರೋಗಿ, ಒಂದು ಪಿಯಾನೋ

ಪ್ರವಾಸ ಕಥನವೆಂದರೆ ಕಂಡ ನಾಡನ್ನು ಕೊಂಡಾಡುವ ಬರಹವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ತೀರ ವಿರುದ್ಧವಾದ ಪುಸ್ತಕವೊಂದು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಹೊರಬಂದಿತು. ಅದರ ಹೆಸರು ‘ಮಯೋರ್ಕಾದಲ್ಲಿ ಒಂದು ಚಳಿಗಾಲ’. ಬರೆದವರು ಜಾರ್ಜ್ ಸಾಂಡ್; ಹೆಸರು ಗಂಡಸಿನದು, ಲೇಖಕಿ ಹೆಂಗಸು. ಸ್ಪೇನಿಗೆ ಸೇರಿದ ಆ ದ್ವೀಪದ ಬೆಟ್ಟಗಳನ್ನೂ ಆಲಿವ್ ಮರಗಳನ್ನೂ ಆಕೆ ಮನಸಾರೆ ವರ್ಣಿಸುತ್ತಾರೆ. ಅಲ್ಲಿನ ಜನರನ್ನು ಮಾತ್ರ ಮತ್ತೆ ಮತ್ತೆ ಹಳಿಯುತ್ತಾರೆ. ಈ ಕೋಪಕ್ಕೆ ಮೂಲನಾದ ಸಹಪ್ರವಾಸಿಯೊಬ್ಬನಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ಆತ ಬರಿಯ ‘ರೋಗಿ’. ಆ ರೋಗಿಯೇ ಪೋಲೆಂಡಿನ ಪಿಯಾನೋ ವಾದಕ, ಸಂಗೀತ ರಚನಕಾರ ಫ್ರೆಡೆರಿಕ್ ಶೋಪಾನ್.

ಶೋಪಾನ್ ಹುಟ್ಟಿದ್ದು 1810ರಲ್ಲಿ, ವಾರ್ಸಾ ನಗರದ ಸಮೀಪದ ಹಳ್ಳಿಯಲ್ಲಿ. ತಂದೆ ಫ್ರಾನ್ಸಿನಿಂದ ಬಂದವರು, ತಾಯಿ ಪೋಲಿಷ್. ಅದಕ್ಕೆ ಮೊದಲೇ, 1772ರಿಂದ 1795ರೊಳಗಾಗಿ, ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಹಂಚಿಕೊಂಡು ಮುಗಿಸಿದ್ದವು. ಸ್ವತಂತ್ರ ಪೋಲೆಂಡ್ ಮತ್ತೆ ತಲೆಯೆತ್ತಿದ್ದು 1918ರಲ್ಲಿ. 1830ರ ನವೆಂಬರ್ ಆರಂಭದಲ್ಲಿ ಶೋಪಾನ್ ಊರು ಬಿಟ್ಟನು. ಅದೇ ತಿಂಗಳ ಕೊನೆಗೆ ವಾರ್ಸಾದಲ್ಲಿ ದಂಗೆ ಎದ್ದಿತು. ಮರುವರ್ಷ ರಷ್ಯಾ ಅದನ್ನು ತುಳಿದುಹಾಕಿತು. ಆತ ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಪ್ಯಾರಿಸ್ಸಿನಲ್ಲಿ ನೆಲೆಸಿ, ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತ, ತನ್ನ ಸೀಮೆಯ ಹಳ್ಳಿಗರ ಮೂರೆಣಿಕೆಯ ಕುಣಿತವಾದ ಮಜುರ್ಕಾವನ್ನು ಪಿಯಾನೋಗೆ ತಂದು, ಆ ಜಾತಿಯ ಐವತ್ತಕ್ಕೂ ಮೀರಿದ ಕೃತಿಗಳನ್ನು ರಚಿಸಿದನು. ಪರಸ್ಥಳದಲ್ಲಿದ್ದುಕೊಂಡು ಊರ ಹಬ್ಬವನ್ನು ಊರಿನವರಿಗಿಂತಲೂ ಶ್ರದ್ಧೆಯಿಂದ ಆಚರಿಸುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿಯಾನೋದಲ್ಲಿ ಒಂದು ಮನೆಯನ್ನು ಒತ್ತಿದರೆ ಒಂದೇ ಸ್ವರ. ವೀಣೆಯ ತಂತಿಯನ್ನೆಳೆದು ಗಮಕ ಕೊಡುವಂತೆ ಅಲ್ಲಿ ಕೊಡಲಾಗದು. ಇಂಥ ವಾದ್ಯವನ್ನು ಹಾಡಿಸುವುದೇ ಶೋಪಾನನ ಸಾಧನೆ. ಎಡಗೈ ತಾಳವನ್ನು ಬಿಡದೆ ಹಿಡಿದಿರುತ್ತದೆ. ಬಲಗೈ ಅದರ ಮೇಲೆ ತುಸು ಹಿಂದೆ, ತುಸು ಮುಂದೆ ಸಂಚರಿಸುತ್ತದೆ. ನಮ್ಮ ಸಂಗೀತದ ಕಿವಿಯುಳ್ಳವರಿಗೆ ಇದು ಅಪರಿಚಿತವೆನಿಸದು.

1838ರ ನವೆಂಬರಿನಲ್ಲಿ ಸಾಂಡ್, ಆಕೆಯ ಇಬ್ಬರು ಮಕ್ಕಳು ಹಾಗೂ ಶೋಪಾನ್ ಮಯೋರ್ಕಾದ ಪಾಲ್ಮಾ ಬಂದರಿನಲ್ಲಿ ಇಳಿದರು. ಬೆಚ್ಚನೆಯ ಹವೆಯಿಂದ ಶೋಪಾನನ ಕೆಮ್ಮು ಗುಣವಾದೀತೆಂಬ ಆಸೆ. ಪಟ್ಟಣದ ಹೊರಗೆ ಮನೆ ಹಿಡಿದರು. ಮಳೆ ಹಿಡಿಯಿತು, ಗೋಡೆಗಳು ಒದ್ದೆಯಾದವು. ಚಳಿ ಕಾಯಲು ಇಟ್ಟ ಇದ್ದಿಲಿನ ಹೊಗೆಗೆ ಕೆಮ್ಮು ಉಲ್ಬಣಿಸಿತು. ಮೂವರು ವೈದ್ಯರು ಬಂದು ನೋಡಿದರು. ಕ್ಷಯವೆಂಬ ಸುದ್ದಿ ಹಬ್ಬಿದೊಡನೆ ಮನೆಯೊಡೆಯ ಹೊರನಡೆಯಲು ಹೇಳಿದ್ದಲ್ಲದೆ, ಹಾಸಿಗೆಯನ್ನು ಸುಡುವುದಕ್ಕೂ ಗೋಡೆಗೆ ಸುಣ್ಣ ಬಳಿಸುವುದಕ್ಕೂ ಹಣ ಕೇಳಿದನು. ಡಿಸೆಂಬರ್ 15ರಂದು ಅವರು ವಾಲ್ದೆಮೋಸಾ ಬೆಟ್ಟದ ಮಠವೊಂದಕ್ಕೆ ಹೋದರು. 1835ರಲ್ಲಿ ಸರ್ಕಾರ ಅಲ್ಲಿನ ಸಂನ್ಯಾಸಿಗಳನ್ನು ಹೊರಡಿಸಿದ್ದರಿಂದ ಕೋಣೆಗಳು ಬಾಡಿಗೆಗೆ ದೊರೆಯುತ್ತಿದ್ದವು.

ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿಯ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದು ಬೆಟ್ಟ ಹತ್ತಿದ್ದು ಜನವರಿಯಲ್ಲಿ. ಅಲ್ಲಿಯವರೆಗೆ ದ್ವೀಪದಲ್ಲೇ ತಯಾರಾದ ಸಾಧಾರಣ ಪಿಯಾನೋ ಒಂದರಲ್ಲಿ ಶೋಪಾನ್ ಕೆಲಸ ಸಾಗಿಸಿದನು. ಮುಂದಿದ್ದದ್ದು ಬಾಖನ ಕೃತಿಗಳು. ಕೈಯಲ್ಲಿದ್ದದ್ದು 24 ಪ್ರೆಲ್ಯೂಡ್‌ಗಳ ಮಾಲೆ. ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದೊಂದನ್ನೂ ಆಧಾರವಾಗಿಟ್ಟುಕೊಂಡು, ಒಂದೊಂದಕ್ಕೂ ಮೇಜರ್, ಮೈನರ್ ಎಂಬ ಎರಡೆರಡು ಶ್ರೇಣಿಗಳಲ್ಲಿ ರಚಿಸಿದರೆ ಇಪ್ಪತ್ತನಾಲ್ಕಾಗುತ್ತದೆ. ಕೆಲವನ್ನು ಪ್ಯಾರಿಸ್ಸಿನಲ್ಲೇ ಬರೆದಿದ್ದನು. ಮಾಲೆ ಪೂರ್ಣಗೊಂಡದ್ದು ಈ ಮಠದಲ್ಲಿ. ಒಂದು ರಾತ್ರಿ ಸಾಂಡ್ ಬಿರುಮಳೆಯಲ್ಲಿ ಪಾಲ್ಮಾದಿಂದ ಹಿಂದಿರುಗಿದಾಗ ಆತ ಕಣ್ಣೀರಿಡುತ್ತ ನುಡಿಸುತ್ತಿದ್ದನಂತೆ. ಆ ರಚನೆಯಲ್ಲಿ ಮಳೆಹನಿಗಳು ಕೇಳುತ್ತವೆಂದು ಸಾಂಡ್ ಹೇಳಿದ್ದಕ್ಕೆ ಶೋಪಾನನಿಗೆ ಕೋಪ ಬಂದಿತಂತೆ. ಲೋಕ ಹದಿನೈದನೆಯ ಪ್ರೆಲ್ಯೂಡನ್ನು ‘ಮಳೆಹನಿ’ ಎಂದೇ ಕರೆಯುತ್ತದೆ. ರಚಿಸಿದವನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ.

ಈಗ ರೋಗದ ಮಾತು. ಕ್ಷಯ ಅಂಟುವ ರೋಗವೆಂದು ಸ್ಪೇನ್ ನಂಬಿತ್ತು. ರೋಗಿಗಳನ್ನು ವರದಿ ಮಾಡಬೇಕೆಂಬ ರಾಜಾಜ್ಞೆ 1751ರಲ್ಲೇ ಹೊರಟಿತ್ತು. ಪ್ಯಾರಿಸ್ಸಿನ ವೈದ್ಯರಿಗೆ ಇದು ಹಳ್ಳಿಗರ ಮೂಢನಂಬಿಕೆ. ಅವರ ಮತದಲ್ಲಿ ಕ್ಷಯ ವಂಶದಿಂದ, ದೇಹಪ್ರಕೃತಿಯಿಂದ ಬರುವಂಥದು. ಶೋಪಾನನಿಗೆ ಕ್ಷಯವೇ ಇಲ್ಲವೆಂದೂ ಅವರು ಭರವಸೆ ಕೊಟ್ಟಿದ್ದರು. ಅವನ ಕಿರಿಯ ತಂಗಿ ಎಮಿಲಿಯಾ ಹದಿನಾಲ್ಕರ ವಯಸ್ಸಿನಲ್ಲಿ, 1827ರಲ್ಲಿ, ರಕ್ತ ಕಾರಿ ತೀರಿಕೊಂಡಿದ್ದಳು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಾಗ ಗೆದ್ದದ್ದು ಆ ‘ಮೂಢ’ ಮನೆಯೊಡೆಯನ ಪಕ್ಷವೇ. ಆದರೆ ಅರ್ಧ ಮಾತ್ರ ಗೆದ್ದಿತೆನ್ನಬೇಕು. ರೋಗಾಣು ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ. ಮಂಚ, ತಟ್ಟೆ, ಲೋಟಗಳಿಂದಲ್ಲ. ರೋಗಿಯನ್ನು ಮಳೆಯಲ್ಲಿ ಬೀದಿಗೆ ಹಾಕುವುದರಿಂದ ಯಾರಿಗೂ ಆರೋಗ್ಯ ದೊರಕದು. ಸಾಂಡ್‌ರ ವಿಷಯದಲ್ಲಿ ಒಂದನ್ನು ಒಪ್ಪಲೇಬೇಕು: ವೈದ್ಯನೊಬ್ಬ ರಕ್ತ ತೆಗೆಸಬೇಕೆಂದಾಗ ಆಕೆ ಹಟ ಹಿಡಿದು ತಡೆದರು. ಬಡಕಲು ದೇಹದ ಆ ರೋಗಿ ಅಲ್ಲಿಂದ ಜೀವಸಹಿತ ಹೊರಟದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ನಮ್ಮ ಹಿರಿಯರು ರಾಜಯಕ್ಷ್ಮವೆಂದು ಹೆದರುತ್ತಿದ್ದ ಈ ರೋಗ ಇಂದು ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇವು ಕಂಡಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ನಡುವೆ ಹಾಯೆನಿಸಿತೆಂದು ಮಾತ್ರೆ ನಿಲ್ಲಿಸಬಾರದು. ಬಾಡಿಗೆಯ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುವ ನಗರಗಳಲ್ಲಿ, ಮನೆಯೊಡೆಯನ ಭಯದಿಂದ ಕೆಮ್ಮನ್ನು ಬಚ್ಚಿಡುವವರು ಈಗಲೂ ಇದ್ದಾರೆ.

1839ರ ಫೆಬ್ರವರಿಯಲ್ಲಿ ಅವರು ದ್ವೀಪವನ್ನು ಬಿಟ್ಟರು. ರೋಗಿ ಮುಟ್ಟಿದ ಪಿಯಾನೋ ಕೊಳ್ಳಲು ದ್ವೀಪದವರು ಅಂಜಿದರು. ಕೊನೆಗೆ ಪಾಲ್ಮಾದ ಬ್ಯಾಂಕರೊಬ್ಬರ ಮನೆ ಅದನ್ನಿಟ್ಟುಕೊಂಡಿತು. ಹಡಗಿನಲ್ಲಿ ಜೊತೆಗೆ ಬಂದದ್ದು ಬಾರ್ಸಿಲೋನಾ ಪೇಟೆಗೆ ಹೊರಟ ಹಂದಿಗಳು. ಹೇಗಿದ್ದರೂ ಸುಡಬೇಕಾದದ್ದೆಂದು ನಾವಿಕ ರೋಗಿಗೆ ತೀರ ಹಳೆಯ ಹಾಸಿಗೆ ಕೊಟ್ಟನೆಂದು ಸಾಂಡ್ ಬರೆಯುತ್ತಾರೆ. ಮುಂದೆ ಹಲವು ಬೇಸಗೆಗಳನ್ನು ಶೋಪಾನ್ ಆಕೆಯ ನೋಆನ್ ಹಳ್ಳಿಯ ಮನೆಯಲ್ಲಿ ಕಳೆದನು. ಆತನ ಸಹವಾಸದಿಂದ ಪೋಲೆಂಡ್ ಆಕೆಗೂ ಹತ್ತಿರವಾಯಿತು. ದೇಶಭ್ರಷ್ಟ ಕವಿ ಆದಾಂ ಮಿತ್ಸ್ಕಿಯೇವಿಚ್‌ನನ್ನು ಗಯಟೆ, ಬೈರನ್ನರ ಸಾಲಿನಲ್ಲಿ ನಿಲ್ಲಿಸಿ 1839ರಲ್ಲೇ ಪ್ರಬಂಧ ಬರೆದರು. 1847ರಲ್ಲಿ ಇಬ್ಬರೂ ದೂರವಾದರು.

1849ರ ಅಕ್ಟೋಬರ್ 17ರಂದು ಶೋಪಾನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ದೇಹ ಅಲ್ಲಿಯೇ ಉಳಿಯಿತು. ಹೃದಯವನ್ನು ಅಕ್ಕ ಲುದ್ವಿಕಾ ವಾರ್ಸಾಗೆ ಒಯ್ದಳು. ಪವಿತ್ರ ಶಿಲುಬೆಯ ಇಗರ್ಜಿಯ ಕಂಬದೊಳಗಿರುವ ಆ ಗಾಜಿನ ಪಾತ್ರೆಯನ್ನು 2014ರಲ್ಲಿ ತಜ್ಞರು ತೆರೆಯದೆಯೇ ಪರೀಕ್ಷಿಸಿದರು. ಕ್ಷಯವು ಹೃದಯದ ಹೊರಪೊರೆಗೂ ತಗುಲಿದ್ದಿರಬೇಕೆಂದು 2017ರಲ್ಲಿ ವರದಿ ಮಾಡಿದರು. ಸಾಂಡ್ ಅವನಿಗೆ ಬರೆದ ಕಾಗದಗಳು ಪೋಲೆಂಡಿನ ಗಡಿಯ ಊರೊಂದರಲ್ಲಿ ಉಳಿದಿದ್ದವು. 1851ರಲ್ಲಿ ಕಿರಿಯ ಅಲೆಕ್ಸಾಂಡರ್ ಡ್ಯೂಮಾ ಅವನ್ನು ಕಂಡು ಆಕೆಗೆ ಮರಳಿಸಿದನು. ಆಕೆ ಅವನ್ನು ಸುಟ್ಟುಹಾಕಿದರು.

ಪುಸ್ತಕ ಉಳಿದುಕೊಂಡಿತು. ಇಂದು ವಾಲ್ದೆಮೋಸಾ ಮಠಕ್ಕೆ ಹೋದವರು ಆ ಪಿಯಾನೋವನ್ನು ನೋಡಬಹುದು; ದ್ವೀಪದವರನ್ನು ಅಷ್ಟೊಂದು ಹಳಿದ ಆ ಪುಸ್ತಕವನ್ನು ಆ ದ್ವೀಪದವರಿಂದಲೇ, ಹಲವು ಭಾಷೆಗಳಲ್ಲಿ, ಕೊಂಡು ತರಬಹುದು.