ಆಂಗ್ಲ ಧೈರ್ಯವಾಚಕಗಳ ಅರ್ಥಮೂಲ

ಆಂಗ್ಲದ ‘ಕರೇಜ್’, ‘ಬೋಲ್ಡ್‌ನೆಸ್’, ‘ಅಡಾಸಿಟಿ’ ಪದಗಳಿಗೆಲ್ಲ ‘ಧೈರ್ಯ’ವೆಂದೇ ಅರ್ಥ ಬರೆದರೆ ಅವುಗಳ ಚರಿತ್ರೆ ಮರೆಯಾಗುತ್ತದೆ. ‘ಕರೇಜ್’ ಹೃದಯವಾಚಿಯಾದ ಲ್ಯಾಟಿನ್ ‘ಕೋರ್’ನಿಂದ ಹಳೆಯ ಫ್ರೆಂಚಿನ ಮೂಲಕ ಬಂದುದು, 14ನೆಯ ಶತಮಾನದ ಚಾಸರನಲ್ಲಿ ಅದಕ್ಕೆ ಮನಸ್ಸು, ಬಯಕೆ ಎಂಬ ಅರ್ಥಗಳೂ ಇದ್ದವು. ನಮ್ಮ ‘ಎದೆಗಾರಿಕೆ’ಯೇ ಅದಕ್ಕೆ ಹತ್ತಿರದ ಪದ. ‘ಬೋಲ್ಡ್’ ಜರ್ಮಾನಿಕ್ ಮೂಲದ್ದು. ‘ಪ್ಲಕ್’ ಎಂಬುದಂತೂ ಕಟುಕರ ಮಾತು: ಕೊಂದ ಪ್ರಾಣಿಯ ಹೃದಯ, ಯಕೃತ್ತು, ಶ್ವಾಸಕೋಶಗಳ ಹೆಸರೇ 18ನೆಯ ಶತಮಾನದಲ್ಲಿ ಕೆಚ್ಚಿಗೂ ಹೆಸರಾಯಿತು. ‘ಅಡಾಸಿಟಿ’ಯಲ್ಲಿ ಮೆಚ್ಚುಗೆಯೊಡನೆ ಉದ್ಧಟತನದ ಆಕ್ಷೇಪವೂ ಅಡಗಿದೆ, ಅದನ್ನು ಬರಿಯ ‘ಧೈರ್ಯ’ವೆಂದು ಅನುವಾದಿಸಿದರೆ ನಿಂದೆಯು ಹೊಗಳಿಕೆಯಾದೀತು. ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧವಾಗಿದ್ದು, ಕನ್ನಡದಲ್ಲಿ ಇಂದು ಪ್ರಶಂಸೆಯ ನುಡಿಯಾಗಿರುವ ‘ಸಾಹಸ’ದೊಡನೆ ಇದನ್ನು ಹೋಲಿಸಿ ನೋಡಬೇಕು.